ಗಿಟಾರ್‌ನಲ್ಲಿ ಕಾರ್ಡ್ ಇನ್ವರ್ಷನ್ ಮತ್ತು ರಿದಮ್ ವಾದನ

ಕಾರ್ಡ್ ಇನ್ವರ್ಷನ್ ಎಂದರೆ ಒಂದು ಕಾರ್ಡಿನ ಸ್ವರಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳಲ್ಲಿ ಯಾವುದು ಎಲ್ಲಕ್ಕಿಂತ ಕೆಳಗೆ ಕೇಳಿಸಬೇಕು ಎಂಬುದನ್ನಷ್ಟೇ ಬದಲಿಸಿ ನುಡಿಸುವ ಕ್ರಮ. ಸಿ ಮೇಜರ್ ಕಾರ್ಡಿನಲ್ಲಿರುವುದು ಸಿ, ಇ, ಜಿ ಎಂಬ ಮೂರು ಸ್ವರಗಳು. ಸಿ ಸ್ವರವನ್ನು ಷಡ್ಜವೆಂದು ಹಿಡಿದರೆ ಇವೇ ಷಡ್ಜ, ಅಂತರ ಗಾಂಧಾರ, ಪಂಚಮ. ಸ-ಗ-ಪ ಎಂದು ಕೆಳಗಿನಿಂದ ಮೇಲಕ್ಕೆ ಜೋಡಿಸಿದರೆ ಅದು ಮೂಲಸ್ಥಿತಿ. ಗ-ಪ-ಸ ಎಂದಾದರೆ ಮೊದಲ ಇನ್ವರ್ಷನ್, ಪ-ಸ-ಗ ಎಂದಾದರೆ ಎರಡನೆಯದು. ಏಳನೆಯ ಸ್ವರವೂ ಸೇರಿದ ಸೆವೆಂತ್ ಕಾರ್ಡುಗಳಲ್ಲಿ ನಾಲ್ಕು ಸ್ವರಗಳಿರುವುದರಿಂದ ಅವುಗಳಿಗೆ ಮೂರನೆಯ ಇನ್ವರ್ಷನ್ ಕೂಡ ಇದೆ.

ಗಿಟಾರ್ ಕಲಿಯುವವರು ಮೊದಲ ಹಂತದಲ್ಲಿ ಎಂಟು-ಹತ್ತು ತೆರೆದ ಕಾರ್ಡುಗಳನ್ನೂ ಆಮೇಲೆ ಬಾರ್ ಕಾರ್ಡುಗಳನ್ನೂ ಕೈಗೆ ಒಗ್ಗಿಸಿಕೊಳ್ಳುತ್ತಾರೆ. ಅಷ್ಟಿದ್ದರೆ ಬಹಳಷ್ಟು ಹಾಡುಗಳಿಗೆ ಜೊತೆ ನುಡಿಸಬಹುದು. ಆದರೆ ಆ ವಾದನದಲ್ಲಿ ಪ್ರತಿ ಕಾರ್ಡೂ ತನ್ನ ಪಾಡಿಗೆ ತಾನು ನಿಂತಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಐದಾರು ಸ್ವರಗಳು ಒಟ್ಟಿಗೆ ಜಿಗಿಯುತ್ತವೆ, ಎಡಗೈ ದೂರ ಹಾರುತ್ತದೆ, ಆ ಹಾರಾಟದಲ್ಲಿ ಲಯ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಇನ್ವರ್ಷನ್‌ಗಳನ್ನು ಕಲಿತವನಿಗೆ ಅದೇ ಹಾಡು ಮೂರು-ನಾಲ್ಕು ಫ್ರೆಟ್ಟುಗಳ ಒಳಗೆ ಸಿಗುತ್ತದೆ. ಎರಡು ಕಾರ್ಡುಗಳಿಗೆ ಸಮಾನವಾದ ಸ್ವರ ಇದ್ದಲ್ಲೇ ಇರುತ್ತದೆ, ಉಳಿದವು ಒಂದೋ ಎರಡೋ ಹೆಜ್ಜೆ ಸರಿಯುತ್ತವೆ. ರಿದಮ್ ವಾದನ ಸುಧಾರಿಸಬೇಕೆಂದರೆ ಬಲಗೈಯ ಸ್ಟ್ರಮ್ಮಿಂಗ್ ಮಾದರಿಗಳನ್ನೇ ಹುಡುಕಿಕೊಂಡು ಹೋಗುವವರು ಹೆಚ್ಚು. ಬಲಗೈಯ ಅರ್ಧ ತೊಂದರೆ ಎಡಗೈಯಲ್ಲಿ ಹುಟ್ಟುತ್ತದೆ ಎಂಬುದನ್ನು ಇನ್ವರ್ಷನ್‌ಗಳು ತೋರಿಸಿಕೊಡುತ್ತವೆ.

ತಳಸ್ವರ ಮತ್ತು ಮೂಲಸ್ವರ

ಇನ್ವರ್ಷನ್ನನ್ನು ಗುರುತಿಸುವುದು ತಳಸ್ವರದಿಂದ, ಅಂದರೆ ಎಲ್ಲಕ್ಕಿಂತ ಕೆಳಗೆ ನುಡಿಯುವ ಸ್ವರದಿಂದ. ಮೇಲಿನ ಸ್ವರಗಳ ಕ್ರಮವಾಗಲಿ, ಅವು ಎಷ್ಟು ಸಲ ಮರುಕಳಿಸಿವೆ ಎಂಬುದಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತೆರೆದ ಸಿ ಕಾರ್ಡನ್ನು ಐದನೆಯ ತಂತಿಯಿಂದ ಮೀಟಿದರೆ ಸಿ-ಇ-ಜಿ-ಸಿ-ಇ ಎಂದು ಕೇಳುತ್ತದೆ; ಅದು ಮೂಲಸ್ಥಿತಿ. ಪಿಕ್ ಆರನೆಯ ಖಾಲಿ ತಂತಿಗೂ ತಾಗಿದರೆ ತಳಕ್ಕೆ ಇ ಬಂದು ಮೊದಲ ಇನ್ವರ್ಷನ್ ಆಗುತ್ತದೆ. ಅದೇ ಆರನೆಯ ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿದರೆ ಜಿ ಬಂದು ಎರಡನೆಯದು ಆಗುತ್ತದೆ. ಹೊಸಬರು ಗೊತ್ತಿಲ್ಲದೆಯೇ ಇನ್ವರ್ಷನ್‌ಗಳನ್ನು ನುಡಿಸುತ್ತಿರುತ್ತಾರೆ. ಕಲಿಕೆಯೆಂದರೆ ಅದನ್ನು ಬೇಕಾದಾಗ, ಬೇಕಾದ ಕಡೆ ಮಾಡುವುದು.

ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲಿ ಗ್ರಹಭೇದ ನೆನಪಾಗಬಹುದು. ಎರಡರಲ್ಲೂ ಸ್ವರಗಳ ಗುಂಪು ಬದಲಾಗುವುದಿಲ್ಲ. ಆದರೆ ಗ್ರಹಭೇದದಲ್ಲಿ ಷಡ್ಜವೇ ಬೇರೊಂದು ಸ್ವರಕ್ಕೆ ಸರಿಯುವುದರಿಂದ ರಾಗ ಬದಲಾಗುತ್ತದೆ. ಇನ್ವರ್ಷನ್‌ನಲ್ಲಿ ಮೂಲಸ್ವರ ತನ್ನ ಅಧಿಕಾರ ಬಿಟ್ಟುಕೊಡುವುದಿಲ್ಲ. ಇ ಕೆಳಗಿದ್ದರೂ ಕಿವಿ ಅದನ್ನು ಸಿ ಕಾರ್ಡೆಂದೇ ಗ್ರಹಿಸುತ್ತದೆ. ನೆಲೆ ಮಾತ್ರ ಕೊಂಚ ಹಗುರಾಗುತ್ತದೆ. ಮೂಲಸ್ಥಿತಿಯಲ್ಲಿ ನಿಲುಗಡೆಯ ಭಾವವಿದೆ. ಮೊದಲ ಇನ್ವರ್ಷನ್‌ಗೆ ಮುಂದೆ ಸಾಗುವ ಒತ್ತಾಸೆ ಇದೆ. ಎರಡನೆಯದರಲ್ಲಿ ತಳಸ್ವರದ ಮೇಲೆ ನಾಲ್ಕನೆಯ ಅಂತರ ಕೂರುವುದರಿಂದ 18ನೇ ಶತಮಾನದ ಯುರೋಪಿನ ರಚನಕಾರರು ಅದನ್ನು ಪರಿಹಾರ ಬೇಡುವ ಸ್ಥಿತಿಯೆಂದು ಕಂಡು, ಮುಕ್ತಾಯಕ್ಕೆ ಸ್ವಲ್ಪ ಮುಂಚೆ ಬಳಸುತ್ತಿದ್ದರು.

ಗಿಟಾರ್ ವಾದಕ ಮರೆಯಬಾರದ ಇನ್ನೊಂದು ಸಂಗತಿ ಇದೆ. ತಂಡದಲ್ಲಿ ಬೇಸ್ ಗಿಟಾರ್ ಇದ್ದರೆ ತಳಸ್ವರ ಅದರ ಕೈಯಲ್ಲಿರುತ್ತದೆ. ಗಿಟಾರ್ ವಾದಕ ಪ-ಸ-ಗ ನುಡಿಸುತ್ತಿದ್ದಾಗ ಬೇಸ್ ವಾದಕ ಷಡ್ಜ ಹಿಡಿದಿದ್ದರೆ ಕೇಳುಗನಿಗೆ ಕೇಳಿಸುವುದು ಮೂಲಸ್ಥಿತಿಯೇ. ಅಂಥಲ್ಲಿ ಗಿಟಾರ್‌ನ ಇನ್ವರ್ಷನ್ ಬದಲಿಸುವುದು ನಾದದ ಬಣ್ಣವನ್ನೂ ಮೇಲಿನ ಸ್ವರವನ್ನೂ. ಒಬ್ಬನೇ ಗಿಟಾರ್ ಹಿಡಿದು ಹಾಡುವಾಗ ಮಾತ್ರ ಆರನೆಯ, ಐದನೆಯ ತಂತಿಗಳ ಆಯ್ಕೆ ಇಡೀ ಹಾಡಿನ ನೆಲೆಯನ್ನು ತೀರ್ಮಾನಿಸುತ್ತದೆ.

ಹಾಡಿನ ಹಾಳೆಗಳಲ್ಲಿ ಇದನ್ನು ಓರೆಗೆರೆ ಹಾಕಿ ಬರೆಯುತ್ತಾರೆ. ಸಿ/ಇ ಎಂದರೆ ಸಿ ಕಾರ್ಡು, ತಳದಲ್ಲಿ ಇ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೋಗಳಲ್ಲಿ ರೂಢಿಗೆ ಬಂದ ಅಂಕಿ ಪದ್ಧತಿಯಲ್ಲಿ ಅದೇ 1/3 ಆಗುತ್ತದೆ; ಶ್ರುತಿ ಯಾವುದಾದರೂ ಬರಹ ಬದಲಾಗದು. ಬರೋಕ್ ಕಾಲದ ಫಿಗರ್ಡ್ ಬೇಸ್ ಬರಹದಲ್ಲಿ ತಳಸ್ವರದ ಜೊತೆ 6 ಎಂದಿದ್ದರೆ ಮೊದಲ ಇನ್ವರ್ಷನ್, 6 ಮತ್ತು 4 ಎರಡೂ ಇದ್ದರೆ ಎರಡನೆಯದು.

ಚರಿತ್ರೆಯ ಕೆಲವು ಹೆಜ್ಜೆಗಳು

ಗಿಟಾರ್ ಮತ್ತು ಇನ್ವರ್ಷನ್‌ನ ನಂಟು ಸಿದ್ಧಾಂತಕ್ಕಿಂತ ಹಳೆಯದು. 1606ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಜಿರೊಲಾಮೊ ಮಾಂಟೆಸಾರ್ಡೊ ಐದು ಜೋಡಿ ತಂತಿಗಳ ಗಿಟಾರ್‌ಗಾಗಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿ ಒಂದೊಂದು ಕೈ ಆಕಾರಕ್ಕೂ ಒಂದೊಂದು ಅಕ್ಷರ. ಅಕ್ಷರ ನೋಡಿ ಆಕಾರ ಹಿಡಿದು ತಾಳಕ್ಕೆ ತಕ್ಕಂತೆ ಬೀಸುವುದು. ಆಲ್ಫಾಬೆಟೊ ಎನ್ನಿಸಿಕೊಂಡ ಈ ಪದ್ಧತಿಯಲ್ಲಿ ಯಾವ ಸ್ವರ ಕೆಳಗಿದೆ ಎಂಬ ಚಿಂತೆಯೇ ಇರಲಿಲ್ಲ. ಆ ಕಾಲದ ಗಿಟಾರ್‌ಗಳಲ್ಲಿ ಕೆಳಗಿನ ಜೋಡಿ ತಂತಿಗಳನ್ನು ಹಲವೆಡೆ ಮೇಲಿನ ಸ್ಥಾಯಿಗೆ ಶ್ರುತಿ ಮಾಡುತ್ತಿದ್ದುದರಿಂದ ಕಾರ್ಡುಗಳು ಒಂದಾದ ಮೇಲೊಂದು ಯಾವುದೋ ಇನ್ವರ್ಷನ್‌ನಲ್ಲಿ ಬೀಳುತ್ತಿದ್ದವು. ಇಂದಿನ ರಿದಮ್ ಗಿಟಾರ್‌ನ ಪೂರ್ವಜ ಇದೇ ಎನ್ನಲು ಅಡ್ಡಿಯಿಲ್ಲ. ಗಿಟಾರ್ ಕಾರ್ಡನ್ನು ಒಂದೇ ಘಟಕವಾಗಿ, ಲಯದ ಹೊಡೆತವಾಗಿ ನೋಡುವ ದೃಷ್ಟಿ ಅಲ್ಲಿಂದಲೇ ಬಂದಿದೆ.

1722ರಲ್ಲಿ ಫ್ರಾನ್ಸಿನ ಜಾನ್-ಫಿಲಿಪ್ ರಾಮೋ ತನ್ನ ಹಾರ್ಮನಿ ಗ್ರಂಥದಲ್ಲಿ ಸ-ಗ-ಪ, ಗ-ಪ-ಸ, ಪ-ಸ-ಗ ಮೂರೂ ಒಂದೇ ಕಾರ್ಡಿನ ರೂಪಗಳು, ಮೂರರ ಮೂಲಸ್ವರವೂ ಒಂದೇ ಎಂಬುದನ್ನು ಇಡೀ ಸಿದ್ಧಾಂತದ ಅಡಿಗಲ್ಲಾಗಿ ಇಟ್ಟ. ಇದನ್ನು ಗಮನಿಸಿದ ಮೊದಲಿಗ ಅವನಲ್ಲ. ಆದರೆ ಅದರ ಮೇಲೆ ಒಂದು ಪೂರ್ಣ ವ್ಯವಸ್ಥೆ ಕಟ್ಟಿದ್ದು ಅವನೇ. ಗಿಟಾರ್ ಪಾಠಕ್ಕೆ ಇನ್ನೂ ಹತ್ತಿರದವನು ಸ್ಪೇನ್‌ನ ಫರ್ನಾಂಡೊ ಸೋರ್. 1830ರಲ್ಲಿ ಪ್ಯಾರಿಸ್‌ನಲ್ಲಿ ಹೊರಬಂದ ಅವನ ಪಾಠಪುಸ್ತಕ ಫ್ರೆಟ್‌ಬೋರ್ಡನ್ನು ಅರಿಯುವ ದಾರಿಯಾಗಿ ಮೂರನೆಯ ಮತ್ತು ಆರನೆಯ ಅಂತರಗಳ ಜೋಡಿ ಸ್ವರಗಳಿಗೆ ಒತ್ತು ಕೊಡುತ್ತದೆ. ಮೂರನೆಯ ಅಂತರವನ್ನು ತಿರುಗಿಸಿದರೆ ಸಿಗುವುದೇ ಆರನೆಯದು. 1960ರ ದಶಕದಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಸ್ಟೀವ್ ಕ್ರಾಪರ್ ಸೋಲ್ ಹಾಡುಗಳಿಗೆ ನುಡಿಸಿದ ಆರನೆಯ ಅಂತರದ ಜೋಡಿ ಸ್ವರಗಳಿಗೂ ಸೋರ್‌ನ ಪಾಠಕ್ಕೂ ನಡುವೆ ಒಂದು ಸಾಗರ, ಒಂದೂವರೆ ಶತಮಾನಕ್ಕೆ ಹತ್ತಿರದ ಕಾಲ ಇದ್ದರೂ ಬೆರಳುಗಳ ತರ್ಕ ಒಂದೇ.

ಫ್ರೆಟ್‌ಬೋರ್ಡಿನ ಮೇಲೆ

ಪಿಯಾನೋದಲ್ಲಿ ಇನ್ವರ್ಷನ್ ಕಣ್ಣಿಗೆ ಕಾಣುತ್ತದೆ: ಕೆಳಗಿನ ಬೆರಳನ್ನು ತೆಗೆದು ಮೇಲಿನ ಸ್ಥಾಯಿಯಲ್ಲಿ ಇಟ್ಟರಾಯಿತು. ಗಿಟಾರ್‌ನಲ್ಲಿ ತಂತಿಗಳ ಶ್ರುತಿಯಿಂದಾಗಿ ಪ್ರತಿ ಇನ್ವರ್ಷನ್ನೂ ಹೊಸ ಆಕಾರ ತಾಳುತ್ತದೆ. ಆರನೆಯ ತಂತಿಯಿಂದ ಮೊದಲನೆಯದರವರೆಗೆ ಇ, ಎ, ಡಿ, ಜಿ, ಬಿ, ಇ ಎಂಬ ಶ್ರುತಿಯಲ್ಲಿ ಪಕ್ಕಪಕ್ಕದ ತಂತಿಗಳ ನಡುವೆ ನಾಲ್ಕನೆಯ ಅಂತರ ಇರುತ್ತದೆ, ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ಮೂರನೆಯ ಅಂತರ. ಈ ಒಂದು ಅಪವಾದ ಕಲಿಯುವವರನ್ನು ಬಹಳ ಗೊಂದಲಪಡಿಸುತ್ತದೆ. 6-5-4ನೇ ತಂತಿಗಳ ಆಕಾರಗಳು 5-4-3ರ ಮೇಲೂ ಹಾಗೆಯೇ ಕೂರುತ್ತವೆ. ಬಿ ತಂತಿ ಸೇರಿಕೊಂಡ ಕೂಡಲೇ ಅಲ್ಲಿನ ಬೆರಳು ಒಂದು ಫ್ರೆಟ್ ಮುಂದೆ ಹೋಗಬೇಕಾಗುತ್ತದೆ.

ಪಕ್ಕಪಕ್ಕದ ಮೂರು ತಂತಿಗಳ ಗುಂಪುಗಳು ಒಟ್ಟು ನಾಲ್ಕು. ಪ್ರತಿ ಗುಂಪಿಗೂ ಮೂರು ಸ್ಥಿತಿಗಳಂತೆ ಮೇಜರ್ ಕಾರ್ಡಿಗೆ 12 ಜಾಗಗಳು ಸಿಗುತ್ತವೆ. ಇಷ್ಟನ್ನೂ ಒಮ್ಮೆಗೇ ಬಾಯಿಪಾಠ ಮಾಡಲು ಹೊರಟವರು ಸಾಮಾನ್ಯವಾಗಿ ಅರ್ಧದಲ್ಲೇ ಬಿಡುತ್ತಾರೆ, ಅದರ ಅಗತ್ಯವೂ ಇಲ್ಲ. ರಿದಮ್‌ಗೆ ಅತ್ಯಂತ ಉಪಯುಕ್ತವಾದದ್ದು ಮೇಲಿನ ಮೂರು ತಂತಿಗಳು, ಅಂದರೆ ಜಿ, ಬಿ, ಇ. ಇಲ್ಲಿ ಸಿ ಮೇಜರ್ ಕಾರ್ಡು ಮೂರು ಕಡೆ ಸಿಗುತ್ತದೆ: 0-1-0 ಫ್ರೆಟ್ಟುಗಳಲ್ಲಿ ಪ-ಸ-ಗ, 5-5-3ರಲ್ಲಿ ಸ-ಗ-ಪ, 9-8-8ರಲ್ಲಿ ಗ-ಪ-ಸ. 12ನೇ ಫ್ರೆಟ್ಟಿನ ಬಳಿ ಮೊದಲನೆಯ ಆಕಾರವೇ 12-13-12 ಎಂದು ಮರಳಿ ಬರುತ್ತದೆ. ಗಾಂಧಾರ ಎಲ್ಲಿದೆಯೆಂದು ಗೊತ್ತಿದ್ದರೆ ಅದನ್ನು ಒಂದು ಫ್ರೆಟ್ ಇಳಿಸಿ ಮೈನರ್ ಕಾರ್ಡು ಮಾಡಬಹುದು. ಆಗ ಇವು 5-4-3, 8-8-8, 12-13-11 ಆಗುತ್ತವೆ. ಆದ್ದರಿಂದ ಆಕಾರದ ಹೆಸರಿಗಿಂತ ಆಕಾರದೊಳಗೆ ಸ, ಗ, ಪ ಎಲ್ಲಿವೆ ಎಂದು ತಿಳಿದಿರುವುದು ಹೆಚ್ಚು ಮುಖ್ಯ. ಆಕಾರವನ್ನಷ್ಟೇ ಕಲಿತವನು ಮೈನರ್‌ಗೆ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಈಗ ಜೋಡಣೆಯನ್ನು ನೋಡೋಣ. 5-5-3ರಲ್ಲಿ ಸಿ ಕಾರ್ಡು ಹಿಡಿದಿದ್ದೀರಿ. ಎಫ್ ಕಾರ್ಡಿಗೆ ಬೇಕಾದ ಎಫ್, ಎ, ಸಿ ಸ್ವರಗಳು 5-6-5ರಲ್ಲಿವೆ. ಜಿ ತಂತಿಯ ಬೆರಳು ಅಲುಗುವುದಿಲ್ಲ. ಬಿ ತಂತಿಯಲ್ಲಿ ಒಂದು ಫ್ರೆಟ್, ಮೊದಲನೆಯ ತಂತಿಯಲ್ಲಿ ಎರಡು ಫ್ರೆಟ್ ಏರಿದರೆ ಸಾಕು. ಜಿ ಕಾರ್ಡು 4-3-3ರಲ್ಲಿದೆ: ಈ ಸಲ ಮೊದಲನೆಯ ತಂತಿಯ ಸ್ವರ ನಿಲ್ಲುತ್ತದೆ, ಉಳಿದೆರಡು ಇಳಿಯುತ್ತವೆ. ಸಾವಿರಾರು ಹಾಡುಗಳ ಬೆನ್ನೆಲುಬಾದ ಮೂರು ಕಾರ್ಡುಗಳು ಮೂರನೆಯ ಫ್ರೆಟ್ಟಿನಿಂದ ಆರನೆಯದರ ಒಳಗೆ ಕೂತುಬಿಟ್ಟವು. ಮೂಲಸ್ಥಿತಿ, ಎರಡನೆಯ ಇನ್ವರ್ಷನ್, ಮೊದಲ ಇನ್ವರ್ಷನ್ ಮೂರೂ ಇಲ್ಲಿ ಬಂದುಹೋದವು ಎಂಬುದನ್ನು ಗಮನಿಸಬೇಕು. ಎಲ್ಲ ಕಾರ್ಡುಗಳನ್ನೂ ಮೂಲಸ್ಥಿತಿಯಲ್ಲೇ ಹಿಡಿಯುತ್ತೇನೆಂದರೆ ಈ ನೆರೆಹೊರೆ ಸಾಧ್ಯವೇ ಇಲ್ಲ.

ಲಯಕ್ಕೆ ಸಿಗುವ ಲಾಭ

ಕೈಯ ಓಡಾಟ ಕಡಿಮೆಯಾದಾಗ ತಾಳ ಸ್ಥಿರವಾಗುತ್ತದೆ ಎಂಬುದು ಎದ್ದುಕಾಣುವ ಲಾಭ. ಅದಕ್ಕಿಂತ ಆಳದ್ದೊಂದಿದೆ. ರಿದಮ್ ಎಂದರೆ ಸ್ವರ ಯಾವಾಗ ಹೊರಟಿತು ಎಂಬುದರಷ್ಟೇ ಯಾವಾಗ ನಿಂತಿತು ಎಂಬುದೂ ಹೌದು. ತೆರೆದ ಕಾರ್ಡಿನಲ್ಲಿ ಖಾಲಿ ತಂತಿಗಳು ಮೊಳಗುತ್ತಲೇ ಇರುತ್ತವೆ. ಅವುಗಳನ್ನು ನಿಲ್ಲಿಸಲು ಬಲ ಅಂಗೈಯನ್ನೇ ಇಡಬೇಕು. ಮೂರು ತಂತಿಗಳ ಇನ್ವರ್ಷನ್‌ನಲ್ಲಿ ಪ್ರತಿ ಸ್ವರವೂ ಬೆರಳಡಿ ಇರುವುದರಿಂದ ಎಡಗೈಯನ್ನು ಕೂದಲೆಳೆಯಷ್ಟು ಸಡಿಲಿಸಿದರೆ ನಾದ ನಿಲ್ಲುತ್ತದೆ, ಒತ್ತಿದರೆ ಮತ್ತೆ ಬರುತ್ತದೆ. ಜಮೈಕಾದ ರೆಗೆ ಸಂಗೀತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಚುರುಕಾಗಿ ಕೇಳಿಬಂದು ಕೂಡಲೇ ಮಾಯವಾಗುವ ಗಿಟಾರ್ ಹೊಡೆತ ಹೀಗೆಯೇ ಹುಟ್ಟುತ್ತದೆ. ಮೂರು ತಂತಿಗಳನ್ನು ದಾಟಲು ಪಿಕ್ಕಿಗೆ ಬೇಕಾದ ಸಮಯವೂ ಆರು ತಂತಿಗಳಿಗಿಂತ ಕಡಿಮೆ. ಹಾಗಾಗಿ ಹೊಡೆತ ಚದುರುವುದಿಲ್ಲ, ಒಂದು ಬಿಂದುವಿನಲ್ಲಿ ಕೂರುತ್ತದೆ.

ಭೌತಶಾಸ್ತ್ರವೂ ಚಿಕ್ಕ ಕಾರ್ಡಿನ ಪರವಾಗಿದೆ. ಹತ್ತಿರದ ಎರಡು ಸ್ವರಗಳು ಕೆಳಸ್ಥಾಯಿಯಲ್ಲಿ ಒಟ್ಟಿಗೆ ನುಡಿದರೆ ಕಿವಿ ಅವನ್ನು ಬಿಡಿಸಿಕೊಳ್ಳಲು ಹೆಣಗುತ್ತದೆ. ತೆರೆದ ಜಿ ಕಾರ್ಡಿನ ಆರನೆಯ ತಂತಿಯ ಜಿ ಸುಮಾರು 98 ಹರ್ಟ್ಸ್, ಐದನೆಯ ತಂತಿಯ ಬಿ ಸುಮಾರು 123 ಹರ್ಟ್ಸ್. ಈ ಮೂರನೆಯ ಅಂತರ ಆ ಆಳದಲ್ಲಿ ಒರಟಾಗಿ, ಮಸುಕಾಗಿ ಕೇಳುತ್ತದೆ. ಅದೇ ಜೋಡಿ ಒಂದು ಸ್ಥಾಯಿ ಮೇಲೆ, 196 ಮತ್ತು 247 ಹರ್ಟ್ಸ್‌ಗಳಲ್ಲಿ, ತಿಳಿಯಾಗಿರುತ್ತದೆ. ಅನುಭವಿ ರಿದಮ್ ವಾದಕರು ಜಿ ಕಾರ್ಡು ಹಿಡಿದಾಗ ಐದನೆಯ ತಂತಿಯನ್ನು ಬೆರಳ ಬದಿಯಿಂದ ಮುಚ್ಚುವುದಕ್ಕೆ ಇದೇ ಕಾರಣ. ಕೆಳಗೆ ಡೋಲು, ಬೇಸ್ ಎರಡೂ ಇರುವಾಗ ಆರು ತಂತಿಗಳ ಬಾರ್ ಕಾರ್ಡು ಹಾಡುಗಾರನ ದಾರಿಗೂ ಅಡ್ಡ ಬರುತ್ತದೆ.

ಇನ್ನು ಮೇಲಿನ ಸ್ವರ. ಕಾರ್ಡುಗಳು ಓಡುವಾಗ ಕೇಳುಗನ ಕಿವಿ ಅತ್ಯಂತ ಮೇಲಿನ ಸ್ವರವನ್ನು ಹಿಂಬಾಲಿಸುತ್ತದೆ. ಇನ್ವರ್ಷನ್ ಆರಿಸುವವನು ಆ ಮೇಲಿನ ಸ್ವರಗಳ ಸಾಲನ್ನೂ ಆರಿಸುತ್ತಿರುತ್ತಾನೆ. ಮೇಲೆ ಹೇಳಿದ ಸಿ-ಎಫ್-ಸಿ-ಜಿ ಓಟದಲ್ಲಿ ಅದು ಪ-ದ-ಪ-ಪ ಎಂದು ಬರುತ್ತದೆ, ಅಷ್ಟರಲ್ಲೇ ಒಂದು ಪುಟ್ಟ ಧಾಟಿ ಮೂಡುತ್ತದೆ. ರಿದಮ್ ಗಿಟಾರ್ ಪಕ್ಕವಾದ್ಯವೇ ಹೊರತು ಬರಿಯ ತಾಳವಾದ್ಯ ಆಗಬೇಕಾಗಿಲ್ಲ.

ಫ್ರೆಡ್ಡಿ ಗ್ರೀನ್ ಮತ್ತು ಇತರರು

ಈ ಕಲೆಯ ಶಿಖರ ಎಲ್ಲಿದೆ ಎಂದರೆ ಕೌಂಟ್ ಬೇಸಿಯ ಜಾಜ್ ವಾದ್ಯವೃಂದದಲ್ಲಿ ಎಂದು ಹಿಂಜರಿಕೆಯಿಲ್ಲದೆ ಹೇಳಬಹುದು. ಅಮೆರಿಕದ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ 1911ರಲ್ಲಿ ಹುಟ್ಟಿದ ಫ್ರೆಡ್ಡಿ ಗ್ರೀನ್ 1937ರಲ್ಲಿ ಆ ತಂಡ ಸೇರಿದ. 1987ರಲ್ಲಿ ಸಾಯುವವರೆಗೆ, ಹತ್ತಿರ ಹತ್ತಿರ ಅರ್ಧ ಶತಮಾನ, ಅದೇ ತಂಡದ ರಿದಮ್ ಗಿಟಾರ್ ನುಡಿಸಿದ. ಆಂಪ್ಲಿಫೈಯರ್ ಇಲ್ಲದ ಗಿಟಾರ್, ಫ್ರೆಟ್ಟುಗಳಿಂದ ಎತ್ತರಕ್ಕೆ ಕಟ್ಟಿದ ದಪ್ಪ ತಂತಿಗಳು, ಆವರ್ತಕ್ಕೆ ನಾಲ್ಕು ಹೊಡೆತ. ಏಕಾಂಗಿ ವಾದನ ಅವನದು ಬಹಳ ಅಪರೂಪ. ಸುತ್ತ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳ ಸಾಲು ಮೊಳಗುತ್ತಿದ್ದರೂ ಅವನ ಗಿಟಾರ್ ಇದ್ದಾಗಿನ ಮತ್ತು ಇಲ್ಲದಾಗಿನ ವ್ಯತ್ಯಾಸ ತಂಡಕ್ಕೆ ತಿಳಿಯುತ್ತಿತ್ತು. ಪಿಯಾನೋದಲ್ಲಿ ಬೇಸಿ, ಬೇಸ್‌ನಲ್ಲಿ ವಾಲ್ಟರ್ ಪೇಜ್, ಡ್ರಮ್ಸ್‌ನಲ್ಲಿ ಜೋ ಜೋನ್ಸ್, ಜೊತೆಗೆ ಗ್ರೀನ್: ಈ ನಾಲ್ವರು ಜಾಜ್ ಲಯದ ಅಳತೆಗೋಲಾದರು.

ಗ್ರೀನ್ ಬಳಸಿದ್ದು 6, 4, 3ನೇ ತಂತಿಗಳ ಮೂರು ಸ್ವರದ ಆಕಾರಗಳನ್ನು. ಅವುಗಳಲ್ಲೂ ಅನೇಕ ಸಲ ಸ್ಪಷ್ಟವಾಗಿ ಕೇಳಿಸುವುದು ನಾಲ್ಕನೆಯ ತಂತಿಯ ಒಂದೇ ಸ್ವರ. ಮಿಕ್ಕ ತಂತಿಗಳು ಅರ್ಧ ಒತ್ತಿದ ಬೆರಳಡಿ ಟಕ್ಕೆನ್ನುವ ಸದ್ದು ಕೊಡುತ್ತವೆ. ಒಂದೇ ಕಾರ್ಡು ಎರಡು ಆವರ್ತ ನಡೆದರೂ ಅವನ ಕೈ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಈ ಶೈಲಿಯ ಪಾಠಗಳಲ್ಲಿ ಸಾಮಾನ್ಯವಾಗಿ ಮೊದಲು ಬರುವ ಓಟ ಹೀಗಿದೆ: ಜಿ ಕಾರ್ಡಿನಲ್ಲಿ ಆರನೆಯ ತಂತಿ ಮೂರನೆಯ ಫ್ರೆಟ್ಟಿನಲ್ಲಿ, ನಾಲ್ಕನೆಯ ತಂತಿ ಎರಡರಲ್ಲಿ, ಮೂರನೆಯದು ನಾಲ್ಕರಲ್ಲಿ. ಮುಂದಿನ ಎಣಿಕೆಗೆ 5-5-5, ಆಮೇಲೆ 6-5-6, ಕೊನೆಗೆ 7-5-7. ಕೊನೆಯದರಲ್ಲಿ ನುಡಿಯುವುದು ಬಿ, ಜಿ, ಡಿ, ಅಂದರೆ ಜಿ ಕಾರ್ಡಿನ ಮೊದಲ ಇನ್ವರ್ಷನ್. ಮೂಲಸ್ಥಿತಿಯಿಂದ ಇನ್ವರ್ಷನ್‌ಗೆ ಹೋಗುವ ದಾರಿಯಲ್ಲಿ ಎರಡು ಹಾದುಹೋಗುವ ಕಾರ್ಡುಗಳು ಬಂದವು. ತಳಸ್ವರ ಜಿ, ಎ, ಬಿ ಫ್ಲಾಟ್, ಬಿ ಎಂದು ಏರಿತು. ನಾಲ್ಕನೆಯ ತಂತಿಯಲ್ಲಿ ಮಾತ್ರ ಮೊದಲ ಹೆಜ್ಜೆಯ ನಂತರ ಜಿ ಒಂದೇ ನಿಂತಿತು. ನಾಲ್ಕು ಎಣಿಕೆಗಳ ಒಂದು ಆವರ್ತದಲ್ಲಿ ಇಷ್ಟು ಚಲನೆ! ಇದನ್ನು ನಿಧಾನಗತಿಯಲ್ಲಿ ನುಡಿಸಿ ನೋಡಿದವರಿಗೆ ಇನ್ವರ್ಷನ್ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ವಿವರಣೆ ಬೇಕಾಗದು.

ಇದೇ ತರ್ಕ ಟೆಕ್ಸಾಸ್‌ನಲ್ಲಿ ಪಿಟೀಲಿನ ಜೊತೆಗೂಡಿತು. ಬಾಬ್ ವಿಲ್ಸ್‌ನ ವೆಸ್ಟರ್ನ್ ಸ್ವಿಂಗ್ ತಂಡದ ಎಲ್ಡನ್ ಶ್ಯಾಂಬ್ಲಿನ್ ಒಂದೆರಡು ಎಣಿಕೆಗೊಮ್ಮೆ ಕಾರ್ಡಿನ ರೂಪ ಬದಲಿಸುತ್ತ ತಳಸ್ವರಗಳನ್ನು ನಡೆಸಿಕೊಂಡು ಹೋಗುತ್ತಿದ್ದ. ಇಂದಿಗೂ ಟೆಕ್ಸಾಸ್‌ನ ಪಿಟೀಲು ಸ್ಪರ್ಧೆಗಳಲ್ಲಿ ಜೊತೆ ಗಿಟಾರ್ ನುಡಿಸುವವರು ಜಿ, ಜಿ/ಬಿ, ಸಿ, ಸಿ ಶಾರ್ಪ್ ಡಿಮಿನಿಷ್ಡ್, ಜಿ/ಡಿ ಎಂಬಂಥ ಏರಿಕೆಗಳನ್ನು ನಿರಾಯಾಸವಾಗಿ ಬಿಡಿಸುತ್ತಾರೆ.

ನೃತ್ಯ ಸಂಗೀತದಲ್ಲಿ ಇನ್ವರ್ಷನ್ ಬೇರೆ ಕೆಲಸಕ್ಕೆ ಬಂತು. ಶೀಕ್ ತಂಡದ ನೈಲ್ ರಾಜರ್ಸ್ 1978-79ರ ಡಿಸ್ಕೋ ಹಾಡುಗಳಲ್ಲಿ ಬಲಗೈಯನ್ನು ಹದಿನಾರನೆಯ ಭಾಗದ ಎಣಿಕೆಗಳಲ್ಲಿ ನಿಲ್ಲಿಸದೆ ಆಡಿಸುತ್ತ, ಎಡಗೈಯಲ್ಲಿ ಮೇಲಿನ ತಂತಿಗಳ ಪುಟ್ಟ ಕಾರ್ಡುಗಳನ್ನು ಒತ್ತಿ-ಬಿಟ್ಟು ಮಾಡುತ್ತಾನೆ. 2013ರಲ್ಲಿ ಡಾಫ್ಟ್ ಪಂಕ್ ಜೊತೆಗಿನ ಹಾಡಿನಲ್ಲೂ ಅದೇ ಕೈಚಳಕ ಜಗತ್ತನ್ನು ಕುಣಿಸಿತು. ಕಾಂಗೋದ ರುಂಬಾದಲ್ಲಿ ಎರಡು-ಮೂರು ಗಿಟಾರ್‌ಗಳು ಒಂದೇ ಕಾರ್ಡುಗಳ ಸುತ್ತನ್ನು ಬೇರೆ ಬೇರೆ ಎತ್ತರಗಳಲ್ಲಿ ಹೆಣೆಯುತ್ತವೆ. ಕಾಂಗೋ ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1960ರಲ್ಲಿ, ಬ್ರಸೆಲ್ಸ್‌ನಲ್ಲಿ ಮೂಡಿದ ‘ಇಂಡಿಪೆಂಡೆನ್ಸ್ ಚಾ ಚಾ’ ಹಾಡಿನ ಗಿಟಾರ್ ವಾದಕರಾದ ಡಾಕ್ಟರ್ ನಿಕೊ ಮತ್ತು ಅವನ ಅಣ್ಣ ಡೆಶೊ ಈ ಹೆಣಿಗೆಯ ದೊಡ್ಡ ಹೆಸರುಗಳು. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಆರನೆಯ ತಂತಿಯನ್ನೇ ತೆಗೆದು ಉಳಿದ ಐದನ್ನು ಜಿ-ಡಿ-ಜಿ-ಬಿ-ಡಿ ಎಂದು ಶ್ರುತಿ ಮಾಡಿಕೊಂಡ. ಒಂದು ಬೆರಳಿನ ಬಾರ್ ಮೇಲೆ ಇನ್ನೆರಡು ಬೆರಳು ಇಟ್ಟರೆ ನಾಲ್ಕನೆಯ ಸ್ವರದ ಕಾರ್ಡು ಎರಡನೆಯ ಇನ್ವರ್ಷನ್‌ನಲ್ಲಿ ಬರುತ್ತದೆ, ತೆಗೆದರೆ ಮೊದಲಿನದು ಮರಳುತ್ತದೆ. 1971ರ ‘ಬ್ರೌನ್ ಶುಗರ್’, 1981ರ ‘ಸ್ಟಾರ್ಟ್ ಮಿ ಅಪ್’ ಎರಡರ ಗುರುತೂ ಈ ಇಡುವ-ತೆಗೆಯುವ ಆಟ. ಶಾಸ್ತ್ರಕಾರರು ಅಸ್ಥಿರವೆಂದ ಸ್ಥಿತಿ ಇಲ್ಲಿ ರಾಕ್ ಸಂಗೀತದ ಪ್ರಾಣವಾಯಿತು.

ಇಳಿಯುವ ತಳಸ್ವರ

ಒಬ್ಬನೇ ಗಿಟಾರ್ ನುಡಿಸುತ್ತ ಹಾಡುವವರಿಗೆ ಇನ್ವರ್ಷನ್ ಕೊಡುವ ದೊಡ್ಡ ಕೊಡುಗೆ ಮೆಟ್ಟಿಲಿಳಿಯುವ ತಳಸ್ವರ. ಸಿ, ಜಿ/ಬಿ, ಎ ಮೈನರ್, ಸಿ/ಜಿ, ಎಫ್, ಸಿ/ಇ, ಡಿ ಮೈನರ್, ಜಿ ಎಂದು ನುಡಿಸಿದರೆ ತಳದಲ್ಲಿ ಸ-ನಿ-ದ-ಪ-ಮ-ಗ-ರಿ ಎಂಬ ಅವರೋಹಣ ಕೇಳುತ್ತದೆ. ಫ್ಲೀಟ್‌ವುಡ್ ಮ್ಯಾಕ್‌ನ 1975ರ ‘ಲ್ಯಾಂಡ್‌ಸ್ಲೈಡ್’ ಇದರ ತುಣುಕಿನಿಂದಲೇ ಕಟ್ಟಿದ್ದು: ಕೇಪೋ ಹಾಕಿದ ಗಿಟಾರ್‌ನಲ್ಲಿ ಸಿ, ಜಿ/ಬಿ, ಎ ಮೈನರ್ ಸೆವೆಂತ್ ಆಕಾರಗಳು ಇಳಿದು ಮತ್ತೆ ಏರುತ್ತವೆ. ಬೀಟಲ್ಸ್‌ಗಾಗಿ ಜಾರ್ಜ್ ಹ್ಯಾರಿಸನ್ ಬರೆದ, 1968ರಲ್ಲಿ ಹೊರಬಂದ ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಎ, ಜಿ, ಎಫ್ ಶಾರ್ಪ್, ಎಫ್ ಎಂದು ಇಳಿಯುತ್ತದೆ. ಬ್ರೆಜಿಲ್‌ನಲ್ಲಿ ಜೊವಾವ್ ಜಿಲ್ಬೆರ್ಟೊ 1958ರ ‘ಶೇಗಾ ಜಿ ಸೌದಾಜಿ’ಯಿಂದ ಬೊಸ್ಸಾ ನೋವಾದ ಲಯವನ್ನು ಗಿಟಾರ್‌ಗೆ ಇಳಿಸಿದಾಗ ಹೆಬ್ಬೆರಳಿಗೆ ತಳಸ್ವರವನ್ನೂ ಉಳಿದ ಮೂರು ಬೆರಳುಗಳಿಗೆ ಕಾರ್ಡನ್ನೂ ಕೊಟ್ಟ. ಬಲಗೈ ಹೀಗೆ ಇಬ್ಭಾಗವಾದಾಗ ತಳಸ್ವರ ಯಾವುದೆಂಬ ಪ್ರಶ್ನೆ ಪ್ರತಿ ಎಣಿಕೆಯಲ್ಲೂ ಎದುರಾಗುತ್ತದೆ.

ರಾಗಗಳ ಜೊತೆ

ಕನ್ನಡ ಚಿತ್ರಸಂಗೀತಕ್ಕೂ ಗಿಟಾರ್‌ನ ಹಾರ್ಮನಿಗೂ ಒಂದು ನೇರ ಕೊಂಡಿಯಿದೆ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ, ಗಿಟಾರ್ ವಾದಕರಾಗಿ ದುಡಿದವರು ಇಳಯರಾಜ. ಚೆನ್ನೈನ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತ ಅವರು ಮುಂದೆ ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಿಗೆ ಸಂಗೀತ ಕೊಟ್ಟರು. ಅವರ ವಾದ್ಯಸಂಯೋಜನೆಗಳಲ್ಲಿ ಬೇಸ್ ಗಿಟಾರ್ ಮೂಲಸ್ವರಕ್ಕೇ ಅಂಟಿಕೊಳ್ಳದೆ ತನ್ನದೇ ಧಾಟಿ ಹಿಡಿದು ನಡೆಯುತ್ತದೆ, ಕಾರ್ಡುಗಳು ಅದರ ಮೇಲೆ ಇನ್ವರ್ಷನ್‌ಗಳಾಗಿ ತಿರುಗುತ್ತವೆ.

ಸುಗಮ ಸಂಗೀತದ ವೇದಿಕೆಯಲ್ಲಿ ರಾಗಾಧಾರಿತ ಹಾಡಿಗೆ ಗಿಟಾರ್ ಹಿಡಿದು ಕೂರುವವರಿಗೆ ಈ ವಿದ್ಯೆ ಇನ್ನೂ ಹೆಚ್ಚು ಬೇಕು, ಏಕೆಂದರೆ ರಾಗ ಅನುಮತಿಸುವ ಕಾರ್ಡುಗಳು ಕೆಲವೇ. ಸಿ ಷಡ್ಜವಾದಾಗ ಮೋಹನದ ಐದು ಸ್ವರಗಳಿಂದ ಸಿಗುವ ಪೂರ್ಣ ತ್ರಿಸ್ವರ ಕಾರ್ಡುಗಳು ಎರಡೇ: ಸ-ಗ-ಪ ಮತ್ತು ದ-ಸ-ಗ, ಅಂದರೆ ಸಿ ಮೇಜರ್ ಮತ್ತು ಎ ಮೈನರ್. ಇವನ್ನು ಎರಡೇ ಆಕಾರಗಳಲ್ಲಿ ಸುತ್ತಿ ಸುತ್ತಿ ನುಡಿಸಿದರೆ ಹಾಡು ಬೇಸರ ತರಿಸುತ್ತದೆ. ಜಿ, ಬಿ, ಇ ತಂತಿಗಳ ಮೇಲೆ 0-1-0ರಿಂದ 2-1-0ಗೆ ಹೋದರೆ ಪಂಚಮ ಒಂದೇ ದೈವತಕ್ಕೆ ಏರುತ್ತದೆ. 5-5-3ರಿಂದ 5-5-5ಕ್ಕೆ ಹೋದರೂ ಅದೇ ಪ-ದ ಚಲನೆ, ಈ ಸಲ ಮೇಲಿನ ಸ್ವರದಲ್ಲಿ. ಹಾಡಿನ ಸಾಲು ಎತ್ತ ಹೋಗುತ್ತಿದೆ ನೋಡಿ ಎರಡರಲ್ಲಿ ಒಂದನ್ನು ಆರಿಸಬಹುದು.

ಹಿಂದೋಳದಲ್ಲಿ ವಿಷಯ ಇನ್ನೂ ಸೂಕ್ಷ್ಮ. ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ದೈವತ, ಕೈಶಿಕಿ ನಿಷಾದ: ಪಂಚಮವೇ ಇಲ್ಲ. ಆದ್ದರಿಂದ ಷಡ್ಜದ ಮೇಲೆ ಮೂಲಸ್ಥಿತಿಯ ಕಾರ್ಡು ಕಟ್ಟಲು ಬರುವುದಿಲ್ಲ. ಕಟ್ಟಿದರೆ ರಾಗಕ್ಕೆ ಹೊರಗಿನ ಪಂಚಮ ನುಸುಳುತ್ತದೆ. ಈ ರಾಗದಲ್ಲಿ ಸಿಗುವ ಎರಡು ಕಾರ್ಡುಗಳು ದ-ಸ-ಗ ಮತ್ತು ಮ-ದ-ಸ. ತಳದಲ್ಲಿ ಷಡ್ಜ ಉಳಿಯಬೇಕೆಂದರೆ ಮೊದಲನೆಯದನ್ನು ಸ-ಗ-ದ ಎಂದು, ಎರಡನೆಯದನ್ನು ಸ-ಮ-ದ ಎಂದು ತಿರುಗಿಸಲೇಬೇಕು. ಅದೇ ಮೂರು ತಂತಿಗಳ ಮೇಲೆ ಇವು 5-4-4 ಮತ್ತು 5-6-4. ಎರಡರ ನಡುವೆ ಚಲಿಸುವುದು ಒಂದೇ ಸ್ವರ, ಗಾಂಧಾರದಿಂದ ಮಧ್ಯಮಕ್ಕೆ. ತಂಬೂರಿಯ ಷಡ್ಜ ಹಿಂದೆ ಮೊಳಗುತ್ತಿರುವಾಗ ಈ ಎರಡು ಇನ್ವರ್ಷನ್‌ಗಳು ಹಿಂದೋಳಕ್ಕೆ ನೋವಾಗದಂತೆ ಜೊತೆ ಕೊಡುತ್ತವೆ. ತೋಡಿಯಂತೆ ಗಮಕವೇ ಜೀವಾಳವಾದ ರಾಗಗಳಲ್ಲಿ ಮಾತ್ರ ಕಾರ್ಡಿನ ನಿಂತ ಗಾಂಧಾರ ಹಾಡುವ ಗಾಂಧಾರದೊಡನೆ ತಿಕ್ಕಾಡುತ್ತದೆ. ಅಲ್ಲಿ ಸ-ಪ ಜೋಡಿಯಷ್ಟನ್ನೇ ಹಿಡಿದು ಸುಮ್ಮನಿರುವುದು ಒಳ್ಳೆಯದು.

ಕಲಿಯುವ ಕ್ರಮ

ಒಂದು ತಂತಿಗುಂಪು, ಒಂದು ಶ್ರುತಿ, ಮೂರು ಕಾರ್ಡು. ಇಷ್ಟರಿಂದ ಆರಂಭಿಸುವುದು ಲೇಸು. ಮೇಲೆ ಹೇಳಿದ 5-5-3, 5-6-5, 4-3-3 ಆಕಾರಗಳನ್ನು ಮೆಟ್ರೊನೋಮ್ 60ಕ್ಕೆ ಇಟ್ಟು, ಎಣಿಕೆಗೊಂದು ಹೊಡೆತದಂತೆ ನುಡಿಸಬೇಕು. ಪ್ರತಿ ಹೊಡೆತದ ನಂತರ ಎಡಗೈ ಸಡಿಲಿಸಿ ನಾದ ನಿಲ್ಲಿಸಬೇಕು, ಬೆರಳುಗಳು ತಂತಿ ಬಿಟ್ಟು ಮೇಲೇಳಬಾರದು. ಯಾವ ಬೆರಳು ನಿಲ್ಲುತ್ತದೆ, ಯಾವುದು ಸರಿಯುತ್ತದೆ ಎಂದು ಸ್ವರದ ಹೆಸರಿನಿಂದ ಹೇಳಿಕೊಳ್ಳುವ ಅಭ್ಯಾಸ ಬಹಳ ಫಲ ಕೊಡುತ್ತದೆ. ಸ್ವರಾಭ್ಯಾಸ ಆದವರಿಗೆ ಸ-ಗ-ಪ, ಸ-ಮ-ದ, ನಿ-ರಿ-ಪ ಎಂದು ಹಾಡಿಕೊಂಡರೆ ಇನ್ನೂ ಬೇಗ ಕೂರುತ್ತದೆ.

ಇದು ಹಗುರಾದ ಮೇಲೆ ಡಿ, ಜಿ, ಬಿ ತಂತಿಗಳಿಗೆ ಇಳಿಯಬಹುದು. ಅಲ್ಲಿ ಸಿ 5-5-5ರಲ್ಲಿ, ಎಫ್ 7-5-6ರಲ್ಲಿ, ಜಿ 5-4-3ರಲ್ಲಿ ಸಿಗುತ್ತವೆ. ಈ ಗುಂಪಿನ ನಾದ ಮೇಲಿನದಕ್ಕಿಂತ ತುಂಬಿದ್ದು, ಹಾಡುಗಾರ ಒಬ್ಬನೇ ಇರುವಾಗ ಹೆಚ್ಚು ಹೊಂದುತ್ತದೆ. ಗೊತ್ತಿರುವ ಒಂದು ಹಾಡನ್ನು ಮೊದಲ ಚರಣಕ್ಕೆ ಒಂದು ಗುಂಪಿನಲ್ಲಿ, ಎರಡನೆಯದಕ್ಕೆ ಇನ್ನೊಂದರಲ್ಲಿ ನುಡಿಸಿದರೆ ಹಾಡು ಮೇಲೇಳುವ ಅನುಭವವಾಗುತ್ತದೆ. ಗಟ್ಟಿಯಾಗಿ ನುಡಿಸದೆಯೇ ಏರಿಕೆ ತರುವ ವಿಧಾನ ಇದು. ಕೆಳಗಿನ ಎರಡು ಗುಂಪುಗಳನ್ನು ಕೊನೆಗೆ ಬಿಟ್ಟರೂ ನಷ್ಟವಿಲ್ಲ.

ನಾಲ್ಕು ಸ್ವರದ ಸೆವೆಂತ್ ಕಾರ್ಡುಗಳು ಒತ್ತೊತ್ತಾಗಿ ಜೋಡಿಸಿದರೆ ಗಿಟಾರ್‌ನಲ್ಲಿ ಬೆರಳಿಗೆ ನಿಲುಕುವುದು ಕಷ್ಟ. ಅದಕ್ಕೆ ಮೇಲಿನಿಂದ ಎರಡನೆಯ ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸುವ ಡ್ರಾಪ್ 2 ಜೋಡಣೆ ಬಳಕೆಯಲ್ಲಿದೆ. ಈ ದಾರಿಯಲ್ಲಿ ಮುಂದೆ ಹೋಗುವವರಿಗೆ ಟೆಡ್ ಗ್ರೀನ್ 1971ರಲ್ಲಿ ಹೊರತಂದ ‘ಕಾರ್ಡ್ ಕೆಮಿಸ್ಟ್ರಿ’ ಮತ್ತು ಏಳು ತಂತಿಗಳ ಗಿಟಾರ್‌ನ ಮಹಾನ್ ವಾದಕ ಜಾರ್ಜ್ ವ್ಯಾನ್ ಎಪ್ಸ್ ಬರೆದ ಮೂರು ಸಂಪುಟಗಳ ‘ಹಾರ್ಮೋನಿಕ್ ಮೆಕ್ಯಾನಿಸಮ್ಸ್’ ದೊಡ್ಡ ಗಣಿಗಳು. ಎರಡೂ ವರ್ಷಗಟ್ಟಲೆ ತಿರುವಿ ಹಾಕುವಂಥ ಪುಸ್ತಕಗಳು, ಆತುರಕ್ಕೆ ಒದಗುವುದಿಲ್ಲ.

ಇನ್ನೊಬ್ಬರ ಜೊತೆ ನುಡಿಸುವಾಗ ಆಯ್ಕೆ ಕಿವಿಯ ಮೇಲೆ ನಿಂತಿರುತ್ತದೆ. ಇನ್ನೊಂದು ಗಿಟಾರ್ ತೆರೆದ ಜಿ ಕಾರ್ಡು ನುಡಿಸುತ್ತಿದ್ದರೆ, ಐದನೆಯ ಫ್ರೆಟ್ಟಿಗೆ ಕೇಪೋ ಹಾಕಿ ಡಿ ಆಕಾರ ಹಿಡಿದವನಿಗೂ ಅದೇ ಜಿ ಕಾರ್ಡು ಬೇರೆ ಎತ್ತರದಲ್ಲಿ ಸಿಗುತ್ತದೆ. ಕೀಬೋರ್ಡ್ ಮಧ್ಯಸ್ಥಾಯಿಯನ್ನು ತುಂಬಿದ್ದರೆ ಗಿಟಾರ್ ಮೇಲಿನ ಮೂರು ತಂತಿಗಳಿಗೆ ಸರಿಯಬೇಕು. ಬೇಸ್ ವಾದಕ ಜಿ/ಬಿ ಎಂದು ಬಿ ಹಿಡಿದಿರುವಾಗ ಗಿಟಾರ್‌ನಲ್ಲಿ ಮತ್ತೊಂದು ಬಿ ಬೇಕಿಲ್ಲ. ಜಿ ಮತ್ತು ಡಿ ಎರಡೇ ಸ್ವರ ನುಡಿಸಿದರೂ ಕಾರ್ಡು ಪೂರ್ಣವಾಗಿಯೇ ಕೇಳುತ್ತದೆ.